ನಮ್ಮ ಕಾರು, ನಮ್ಮ ಕೈ, ನಾಲ್ಕು ಬಕೆಟ್ ನೀರು

ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಯಲ್ಲಿ ಕಾರು ತೊಳೆಯುವ ಮಾತೇ ಎಂದು ಓದುಗರಲ್ಲಿ ಕೆಲವರಿಗಾದರೂ ಅನಿಸದಿರದು. ಶಿಕ್ಷಣದ ಧ್ಯೇಯ, ದಾಸೋಹದ ಮಹಿಮೆ ಮೊದಲಾದ ಹಿರಿಯ ವಿಷಯಗಳನ್ನು ಕುರಿತು ಬರೆಯಲು ನನಗಿಂತ ಬಲ್ಲವರು ಅನೇಕರಿದ್ದಾರೆ. ನಾನು ಆರಿಸಿಕೊಂಡದ್ದು ಸಣ್ಣ ವಿಷಯ. ಆದರೆ ಸಣ್ಣ ವಿಷಯಗಳಲ್ಲಿಯೇ ನಮ್ಮ ನಡತೆ ಬಯಲಾಗುತ್ತದೆಂಬುದು ನನ್ನ ನಂಬಿಕೆ. ನಮ್ಮ ಸೀಮೆಯ ಶಾಲೆಗಳ ವಾರ್ಷಿಕೋತ್ಸವಕ್ಕೆ ಒಂದು ಕಾಲಕ್ಕೆ ಜನ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು. ಅನಂತರ ಸೈಕಲ್ಲು ಬಂತು, ಬಸ್ಸು ಬಂತು. ಇಂದು ಆವರಣದ ಬೇವಿನ ನೆರಳಿನಲ್ಲಿ ಕಾರುಗಳ ಸಾಲೇ ನಿಲ್ಲುತ್ತದೆ. ಇದು ಸಂತೋಷದ ಸಂಗತಿಯೇ. ಆದರೂ ಆ ಸಾಲನ್ನು ಕಂಡಾಗಲೆಲ್ಲ ನನ್ನ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಇವುಗಳನ್ನು ತೊಳೆಯುವ ಕೈ ಯಾರದು? ತೊಳೆಯುವ ನೀರು ಎಲ್ಲಿಯದು?

ಈ ಪ್ರಶ್ನೆಗಳು ನನಗೆ ಬಂದದ್ದು ನನ್ನದೇ ತಪ್ಪಿನಿಂದ. ಅದನ್ನು ಮೊದಲು ಒಪ್ಪಿಕೊಂಡು ಮುಂದುವರಿಯುವುದು ನ್ಯಾಯ. ನಾನು ನವಲಗುಂದ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕನಾಗಿದ್ದಾಗ, ಜೀವಮಾನದ ಉಳಿತಾಯದಿಂದ ಹಳೆಯದೊಂದು ಕಾರನ್ನು ಕೊಂಡೆ. ಮದುವೆಯೊಂದಕ್ಕೆ ಹೋಗುವ ಹಿಂದಿನ ದಿನ, ಒಂಬತ್ತನೆಯ ತರಗತಿಯ ಹುಡುಗನನ್ನು ಕರೆದು ಕಾರು ಒರೆಸಲು ಹೇಳಿ ಒಳಗೆ ಹೋದೆ. ಗುರುಗಳು ಹೇಳಿದರೆಂದು ಅವನು ಉತ್ಸಾಹದಿಂದ ಕೆಲಸಕ್ಕೆ ಇಳಿದ. ವಾರದ ಎರೆಮಣ್ಣಿನ ಧೂಳು ಒಣಗಿ ಕುಳಿತಿದ್ದ ಮೈಯನ್ನು ಒಣ ಗೋಣಿಚೀಲದಿಂದ ಬಲವಾಗಿ ತಿಕ್ಕಿದ. ಮರುದಿನದ ಬಿಸಿಲಿನಲ್ಲಿ ನೋಡಿದರೆ ಮುಂಭಾಗದ ತುಂಬ ಸುರುಳಿ ಸುರುಳಿಯಾದ ಗೀರುಗಳು. ನಾಲ್ಕು ಜನರ ಮುಂದೆ ಅವನನ್ನು ಬೈದೆ. ಆ ವರ್ಷವೆಲ್ಲ ಅವನು ತರಗತಿಯಲ್ಲಿ ನನ್ನ ಕಡೆಗೆ ತಲೆಯೆತ್ತಿ ನೋಡಲಿಲ್ಲ. ಬಹಳ ದಿನಗಳ ಮೇಲೆ ನನಗೆ ಹೊಳೆಯಿತು: ಕಲಿಸುವುದೇ ವೃತ್ತಿಯಾದ ನಾನು ಕಲಿಸದ ಕೆಲಸವನ್ನು ಮಾಡಿಸಿ, ಬಾರದುದಕ್ಕೆ ಶಿಕ್ಷೆ ಕೊಟ್ಟಿದ್ದೆ. ಅಷ್ಟೇ ಅಲ್ಲ, ನನಗೂ ಆ ಕೆಲಸ ಬರುತ್ತಿರಲಿಲ್ಲ. ಆ ಕಾರಿನ ಗೀರುಗಳನ್ನು ನಾನು ಕೊನೆಯವರೆಗೂ ತೆಗೆಸಲಿಲ್ಲ. ಅಂದಿನಿಂದ ಇಂದಿನವರೆಗೆ ಕಾರನ್ನು ನಾನೇ ತೊಳೆಯುತ್ತ ಬಂದಿದ್ದೇನೆ.

ನಮ್ಮ ಹಿರಿಯರಿಗೆ ಇದು ಹೊಸ ಪಾಠವಾಗಿರಲಿಲ್ಲ. ಕಾರಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆಯುವುದನ್ನು ಮನೆಯ ಯಜಮಾನ ಆಳಿಗೆ ಬಿಟ್ಟು ಕೂಡುತ್ತಿರಲಿಲ್ಲ. ಮೈ ತೊಳೆಯುವಾಗಲೇ ಹೆಗಲಿನ ಹುಣ್ಣು, ಗೊರಸಿನ ಬಿರುಕು, ಕಿವಿಯ ಉಣ್ಣೆ ಕಣ್ಣಿಗೆ ಬೀಳುತ್ತಿದ್ದವು. ಚಕ್ಕಡಿಯ ಅಚ್ಚಿಗೆ ಎಣ್ಣೆ ಹಾಕುವಾಗಲೇ ಸಡಿಲಾದ ಕೀಲು ತಿಳಿಯುತ್ತಿತ್ತು. ಅವರಿಗೆ ತೊಳೆಯುವುದೆಂದರೆ ಪರೀಕ್ಷಿಸುವುದು ಎಂದೇ ಅರ್ಥ. ಕಾಯಕವೆಂಬ ಮಾತನ್ನು ನಾವು ವೇದಿಕೆಯ ಮೇಲೆ ಎಷ್ಟು ಸಲ ಆಡಿದರೂ, ಅದು ಅಂಗಳಕ್ಕೆ ಇಳಿಯದಿದ್ದರೆ ಬರಿಯ ಶಬ್ದವಾಗಿ ಉಳಿಯುತ್ತದೆ.

ಇನ್ನು ಕೆಲಸದ ಕ್ರಮವನ್ನು ನೋಡೋಣ. ಮೊದಲು ತಿಳಿಯಬೇಕಾದದ್ದು ನಮ್ಮ ಮಣ್ಣಿನ ಗುಣ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಭೂಮಿಯ ಜೇಡಿ ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಕುಗ್ಗಿ ಹಾಳೆಯಂತೆ ಬಿಗಿದು ಹಿಡಿಯುತ್ತದೆ. ಅದರಲ್ಲಿ ಸುಣ್ಣದ ಹರಳಿನ ಪುಡಿ ಬೆರೆತಿರುತ್ತದೆ; ರಸ್ತೆಯ ಧೂಳಿನ ಮರಳು ಸೇರಿಕೊಳ್ಳುತ್ತದೆ. ಇನ್ನು ಕಾರಿನ ಮೈಯೋ ಬಹಳ ನಾಜೂಕಿನದು. ಹಳೆಯ ಅಂಬಾಸಿಡರ್ ಕಾರುಗಳಿಗೆ ಪಾಲಿಶ್ ಹಚ್ಚಿದರೆ ಅರಿವೆಗೆ ಬಣ್ಣವೇ ಹತ್ತುತ್ತಿತ್ತು, ಏಕೆಂದರೆ ಬಣ್ಣದ ಮೇಲೆ ಬೇರೆ ಹೊದಿಕೆ ಇರಲಿಲ್ಲ. ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಲೇಪವೊಂದಿದೆ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು. ನಮ್ಮ ತಲೆಗೂದಲು ಸಾಮಾನ್ಯವಾಗಿ ಅದಕ್ಕಿಂತ ದಪ್ಪ. ಹೊಳಪೆಲ್ಲ ಆ ಲೇಪದ್ದು. ಮರಳು ಅದಕ್ಕಿಂತ ಗಟ್ಟಿಯಾದ್ದರಿಂದ ಒಣ ಅರಿವೆಯಿಂದ ಒರೆಸಿದ ಪ್ರತಿಸಲವೂ ನಾವು ನಮ್ಮ ಕೈಯಾರೆ ಕಾರಿಗೆ ಉಪ್ಪುಕಾಗದ ಉಜ್ಜಿದಂತಾಗುತ್ತದೆ. ಬೆಳಿಗ್ಗೆ ಎದ್ದು ಪ್ಲಾಸ್ಟಿಕ್ ಪೊರಕೆಯಿಂದ ಧೂಳು ಹೊಡೆಯುವವರೂ ಇದನ್ನೇ ಮಾಡುತ್ತಾರೆ.

ಆದ್ದರಿಂದ ಮೊದಲ ನಿಯಮ, ನೆನೆಸದೆ ಮುಟ್ಟಬಾರದು. ಎಳೆಬಿಸಿಲಿನ ಮುನ್ನವೋ ಸಂಜೆಯೋ ಕಾರನ್ನು ನೆರಳಿಗೆ ತಂದು, ಮೈ ತಣ್ಣಗಾದ ಮೇಲೆ ಮೊದಲ ಬಕೆಟ್ಟಿನ ನೀರನ್ನು ಮೇಲಿನಿಂದ ಕೆಳಗೆ ಎರೆಯಬೇಕು. ಬೆನ್ನಿಗೆ ಹಾಕಿಕೊಳ್ಳುವ ಸಿಂಪಡಣೆ ಪಂಪು ಇದಕ್ಕೆ ಇನ್ನೂ ಉತ್ತಮ, ಆದರೆ ಅದರಲ್ಲಿ ಎಂದೂ ಕಳೆನಾಶಕ ಕೀಟನಾಶಕಗಳನ್ನು ತುಂಬಿರಬಾರದು. ಐದು ನಿಮಿಷ ಬಿಟ್ಟರೆ ಎರೆಮಣ್ಣು ತಾನಾಗಿಯೇ ಉಬ್ಬಿ ಸಡಿಲುತ್ತದೆ. ಎರಡನೆಯ ಬಕೆಟ್ಟಿನಲ್ಲಿ ವಾಹನಕ್ಕೆಂದೇ ಮಾಡಿದ ಶಾಂಪೂ ಕಲಸಿಕೊಳ್ಳಬೇಕು. ಬಟ್ಟೆ ತೊಳೆಯುವ ಪುಡಿಯೂ ಪಾತ್ರೆ ತೊಳೆಯುವ ಸಾಬೂನೂ ಕೊಳೆಯೊಂದಿಗೆ ರಕ್ಷಣೆಯ ಮೇಣವನ್ನೂ ಕಿತ್ತುಹಾಕುತ್ತವೆ. ಮೂರನೆಯ ಬಕೆಟ್ಟು ಅರಿವೆ ಜಾಲಿಸಲು. ಇದನ್ನೇ ಬಹಳ ಜನ ಮರೆಯುತ್ತಾರೆ. ಒಂದು ಬಾಗಿಲನ್ನು ತೊಳೆದ ಅರಿವೆಯಲ್ಲಿ ಆ ಬಾಗಿಲಿನ ಮರಳೆಲ್ಲ ಕುಳಿತಿರುತ್ತದೆ. ಅದನ್ನು ಜಾಲಿಸದೆ ಶಾಂಪೂ ನೀರಿಗೆ ಅದ್ದಿದರೆ ಮುಂದಿನ ಬಾಗಿಲಿಗೆ ಮರಳನ್ನೇ ಹಚ್ಚಿದಂತೆ. ಚಾವಣಿ, ಗಾಜು, ಮುಂಭಾಗ, ಬಾಗಿಲುಗಳು, ಕೊನೆಗೆ ಕೆಳಅಂಚು, ಇದು ಕ್ರಮ. ಗಾಲಿಗಳಿಗೆ ಬೇರೆಯೇ ಅರಿವೆ ಇರಲಿ. ನಾಲ್ಕನೆಯ ಬಕೆಟ್ಟು ಕೊನೆಯ ಸ್ನಾನಕ್ಕೆ. ಒಡನೆಯೇ ಮೃದುವಾದ ಮೈಕ್ರೋಫೈಬರ್ ಬಟ್ಟೆಯನ್ನು ಒತ್ತದೆ ಎಳೆದು ನೀರನ್ನು ಹೀರಿಸಬೇಕು. ಗಾಳಿಗೆ ಒಣಗಲು ಬಿಟ್ಟರೆ ನಮ್ಮ ಬೋರಿನ ನೀರಿನ ಸುಣ್ಣವೂ ಉಪ್ಪೂ ಬಿಳಿ ಚುಕ್ಕೆಗಳಾಗಿ ಉಳಿಯುತ್ತವೆ.

ಕಲಘಟಗಿಯ ಕಡೆಯವರಿಗೆ ತೊಂದರೆ ಬೇರೆ ಬಗೆಯದು. ಅಲ್ಲಿ ಕೆಮ್ಮಣ್ಣು, ಮರಗಳ ದಟ್ಟಣೆ, ಹೆಚ್ಚಿನ ಮಳೆ. ಮರದ ಅಂಟು ಮತ್ತು ಹಕ್ಕಿಯ ಹಿಕ್ಕೆ ಬಿಸಿಲಿಗೆ ಕಾದರೆ ಲೇಪವನ್ನು ಕೊರೆಯುತ್ತವೆ. ಅವನ್ನು ಕೆರೆಯಬಾರದು, ಒದ್ದೆಯ ಅರಿವೆಯನ್ನು ಹತ್ತು ನಿಮಿಷ ಹೊದಿಸಿ ಮೆತ್ತಗಾದ ಮೇಲೆ ಎತ್ತಬೇಕು. ಇನ್ನು ಪಾಲಿಶ್ ಮತ್ತು ಮೇಣ ಒಂದೇ ಎಂದು ತಿಳಿದವರು ಬಹಳ. ಪಾಲಿಶ್ ಎಂಬುದು ಲೇಪವನ್ನೇ ಸ್ವಲ್ಪ ಸವೆಸಿ ಗೀರನ್ನು ಮರೆಮಾಡುವ ಉಪಾಯ. ಅದನ್ನು ಮೇಲಿಂದ ಮೇಲೆ ಮಾಡಿಸುವುದು ಆಸ್ತಿಯನ್ನು ಮಾರಿ ಹಬ್ಬ ಮಾಡಿದಂತೆ. ಮೇಣವಾದರೋ ಮೇಲೆ ಹೊದಿಸುವ ರಕ್ಷೆ. ಬ್ರೆಜಿಲ್ ದೇಶದ ತಾಳೆಯ ಜಾತಿಯ ಮರವೊಂದರ ಎಲೆಯಿಂದ ಬರುವ ಕಾರ್ನೌಬಾ ಮೇಣ ಇದಕ್ಕೆ ಹೆಸರಾದದ್ದು. ಕೆಲವು ತಿಂಗಳಿಗೊಮ್ಮೆ ತೆಳ್ಳಗೆ ಹಚ್ಚಿದರೆ ಸಾಕು.

ಹೊಳಪಿಗಿಂತ ಮುಖ್ಯವಾದದ್ದು ಕಣ್ಣಿಗೆ ಬೀಳದ ಕೆಳಭಾಗ. ಸುಗ್ಗಿಯ ಕಾಲದಲ್ಲಿ ನಮ್ಮ ರಸ್ತೆಗಳೇ ಕಣಗಳಾಗುತ್ತವೆ. ಹಾಸಿದ ಹುರುಳಿಯ ಸೊಪ್ಪೆಯ ಮೇಲೆ ಕಾರು ಹೋದಾಗ ಬಳ್ಳಿ ತಿರುಗುವ ದಂಡಕ್ಕೆ ಸುತ್ತಿಕೊಳ್ಳುತ್ತದೆ, ಹೊಗೆಕೊಳವೆಯ ಬಳಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಯ ಬಿಸಿ ನೂರಾರು ಡಿಗ್ರಿಗೇರುವುದರಿಂದ ಒಣಸೊಪ್ಪೆ ಹೊತ್ತಿಕೊಂಡು ವಾಹನವೇ ಸುಟ್ಟುಹೋಗುವುದುಂಟು. ಇಂಥ ರಸ್ತೆಯಲ್ಲಿ ಬಂದ ದಿನ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ, ಬಿಸಿ ಆರಿದ ಮೇಲೆ ಬಗ್ಗಿ ನೋಡಿ ಸೊಪ್ಪೆಯನ್ನು ತೆಗೆಯುವುದು ಜೀವ ಉಳಿಸುವ ಕೆಲಸ. ಮಳೆಗಾಲದಲ್ಲಿ ಗಾಲಿಯ ಒಳಬದಿಗೆ ಮೆತ್ತಿದ ಎರೆಮಣ್ಣು ಒಣಗಿ ಕಲ್ಲಾದರೆ ಗಾಲಿಯ ತೂಕದ ಸಮತೋಲ ತಪ್ಪಿ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ಕಾರೇ ಕೆಟ್ಟಿತೆಂದು ಹುಬ್ಬಳ್ಳಿಗೆ ಓಡುತ್ತೇವೆ. ಬಾಗಿಲುಗಳ ಕೆಳಗೆ ನೀರು ಬಸಿಯಲು ಸಣ್ಣ ರಂಧ್ರಗಳಿವೆ. ಅವು ಮಣ್ಣಿನಿಂದ ಮುಚ್ಚಿದರೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಇಂಜಿನ್ನಿನ ಮೇಲೆ ಮಾತ್ರ ನೀರು ಹೊಡೆಯಬಾರದು. ಅಲ್ಲಿಯ ವಿದ್ಯುತ್ ಜೋಡಣೆಗಳಿಗೆ ಒದ್ದೆ ಅರಿವೆಯ ಒರೆಸುವಿಕೆಯೇ ಸಾಕು. ಇವೆಲ್ಲ ಸ್ವತಃ ಬಗ್ಗಿದವನಿಗೆ ಮಾತ್ರ ಕಾಣುವ ಸಂಗತಿಗಳು.

ಈಗ ಎರಡನೆಯ ಪ್ರಶ್ನೆ, ನೀರಿನದು. ಮನೆಯ ನಳಕ್ಕೆ ಪೈಪು ಹಚ್ಚಿ ಬಿಟ್ಟರೆ ನಿಮಿಷಕ್ಕೆ ಹತ್ತರಿಂದ ಹದಿನೈದು ಲೀಟರ್ ಹರಿಯುತ್ತದೆ. ಇಪ್ಪತ್ತು ನಿಮಿಷಕ್ಕೆ 200ರಿಂದ 300 ಲೀಟರ್ ಆಯಿತು. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಹಳ್ಳಿಯ ಒಬ್ಬನಿಗೆ ದಿನಕ್ಕೆ ನಿಗದಿಪಡಿಸಿದ ನೀರು 55 ಲೀಟರ್. ಪೈಪು ಹಿಡಿದವನು ನಾಲ್ಕೈದು ಜನರ ಒಂದು ದಿನದ ನೀರನ್ನು ಚರಂಡಿಗೆ ಬಿಟ್ಟಂತಾಯಿತು. ನಾನು ಹೇಳಿದ ನಾಲ್ಕು ಬಕೆಟ್ಟುಗಳು, ಹದಿನೈದು ಲೀಟರಿನಂತೆ, 60 ಲೀಟರ್. ಮಳೆಗಾಲದ ಕೆಸರಿಗೆ ಇನ್ನೊಂದೆರಡು ಹೆಚ್ಚು ಬೇಕಾದೀತು; ಆದರೂ ಅಂತರ ಸ್ಪಷ್ಟವಿದೆ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿದಾಗ ರಾಜಧಾನಿಯವರು ಬೆಚ್ಚಿದರು. ನಮಗೆ ಅಂಥ ಆಜ್ಞೆ ಬೇಕಾಗಬಾರದು. ನಮ್ಮ ಎರೆಸೀಮೆಯ ಅಂತರ್ಜಲ ಬಹುಮಟ್ಟಿಗೆ ಸವಳು. ಮಲಪ್ರಭೆಯ ಕಾಲುವೆಯಿಂದ ತುಂಬಿದ ಕೆರೆಯ ನೀರನ್ನೇ ಎಷ್ಟೋ ಹಳ್ಳಿಗಳು ಕುಡಿಯುತ್ತವೆ. 1980ರ ಜುಲೈ 21ರಂದು ನೀರಾವರಿಯ ಕರಭಾರದ ವಿರುದ್ಧ ಎದ್ದು ನವಲಗುಂದ ನರಗುಂದಗಳಲ್ಲಿ ರೈತರು ಪ್ರಾಣ ತೆತ್ತ ನೆಲವಿದು. ಕಳಸಾ ಬಂಡೂರಿಗಾಗಿ 2015ರಿಂದ ಜನ ಬೀದಿಯಲ್ಲಿ ಕುಳಿತ ನೆಲವೂ ಇದೇ. ನೀರಿಗಾಗಿ ಕೂಗಿದ ಬಾಯಿ ಪೈಪು ಹಿಡಿದ ಕೈಯನ್ನು ಕೇಳಬೇಡವೇ? ಕೆರೆಯ ದಂಡೆಗೆ ಕಾರು, ಟ್ರ್ಯಾಕ್ಟರುಗಳನ್ನು ಇಳಿಸಿ ಎಣ್ಣೆ ಜಿಡ್ಡನ್ನು ಕುಡಿಯುವ ನೀರಿಗೆ ಬಿಡುವುದಂತೂ ಯಾವ ದೃಷ್ಟಿಯಿಂದಲೂ ಕ್ಷಮ್ಯವಲ್ಲ.

ಉಪಾಯ ನಮ್ಮ ತಲೆಯ ಮೇಲೆಯೇ ಇದೆ. ನೂರು ಚದರ ಮೀಟರ್ ಚಾವಣಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಅದು 1,000 ಲೀಟರ್ ನೀರು. ಸ್ವಲ್ಪ ಸೋರಿ ಹೋದರೂ ಹದಿನಾಲ್ಕು ಹದಿನೈದು ಸಲ ಕಾರು ತೊಳೆಯಬಹುದು. ಮಳೆನೀರಿನಲ್ಲಿ ಸುಣ್ಣವಿಲ್ಲದ ಕಾರಣ ಚುಕ್ಕೆಯೂ ಉಳಿಯದು. ಮೊದಲ ಮೂರು ಬಕೆಟ್ಟಿಗೆ ಬೋರಿನ ನೀರು, ಕೊನೆಯದಕ್ಕೆ ಮಳೆಯ ಸಿಹಿನೀರು ಎಂದು ನಾನು ಮಾಡಿಕೊಂಡಿದ್ದೇನೆ.

ನನ್ನ ಮಾತಿಗೆ ಒಂದು ಆಕ್ಷೇಪ ಉಂಟು. ಕಾರು ತೊಳೆದೇ ಹೊಟ್ಟೆ ಹೊರೆಯುವವರಿದ್ದಾರೆ, ಎಲ್ಲರೂ ತಾವೇ ತೊಳೆದರೆ ಅವರ ಗತಿಯೇನು ಎಂದು ಮಿತ್ರರೊಬ್ಬರು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಕಲಿತ ಕೆಲಸಗಾರನಿಗೆ ತಕ್ಕ ಕೂಲಿ ಕೊಟ್ಟು, ಗೌರವದಿಂದ ಕಂಡು ತೊಳೆಸುವುದರಲ್ಲಿ ತಪ್ಪಿಲ್ಲ. ವಯಸ್ಸಾದವರಿಗೆ, ಅಶಕ್ತರಿಗೆ ಅದು ಅನಿವಾರ್ಯವೂ ಹೌದು. ಸ್ವತಃ ಒಮ್ಮೆ ತೊಳೆದು ಬೆನ್ನು ನೋಯಿಸಿಕೊಂಡವನು ಆ ಕೂಲಿಯಲ್ಲಿ ಚೌಕಾಶಿ ಮಾಡಲಾರ. ನನ್ನ ವಿರೋಧವಿರುವುದು ಬಿಟ್ಟಿ ಕೈಗಳಿಗೆ, ಅದರಲ್ಲಿಯೂ ಮಕ್ಕಳ ಕೈಗಳಿಗೆ. ಸಭೆಗೆ ಬಂದ ಅತಿಥಿಯ ಕಾರನ್ನು ಶಾಲೆಯ ಹುಡುಗ ಒರೆಸುವುದು ಸೇವೆಯಲ್ಲ. ಅತಿಥಿಯ ಹಿರಿಮೆಯೂ ಅದರಿಂದ ಹೆಚ್ಚುವುದಿಲ್ಲ.

ಹಾಗಾದರೆ ಹುಡುಗರು ಈ ಕೆಲಸ ಕಲಿಯಬಾರದೇ? ಅಗತ್ಯವಾಗಿ ಕಲಿಯಬೇಕು. 1964-66ರ ಕೊಠಾರಿ ಆಯೋಗ ಕಾರ್ಯಾನುಭವವನ್ನು ಶಿಕ್ಷಣದ ಅಂಗವೆಂದು ಹೇಳಿತು. ಆದರೆ ಅನುಭವ ಬೇರೆ, ಚಾಕರಿ ಬೇರೆ. ಶಿಕ್ಷಕನು ತನ್ನ ಬೈಸಿಕಲ್ಲನ್ನೋ ಸ್ಕೂಟರನ್ನೋ ಅಂಗಳಕ್ಕೆ ತಂದು, ತೋಳು ಮಡಚಿ, ತಾನು ಮೊದಲು ಬಕೆಟ್ಟಿಗೆ ಕೈ ಹಾಕಬೇಕು. ಎರೆಮಣ್ಣು ಏಕೆ ಉಬ್ಬುತ್ತದೆ, ಸವಳು ನೀರು ಏಕೆ ತುಕ್ಕು ತರುತ್ತದೆ, ಎಷ್ಟು ಲೀಟರ್ ಖರ್ಚಾಯಿತು ಎಂಬಷ್ಟರಲ್ಲಿಯೇ ವಿಜ್ಞಾನವೂ ಗಣಿತವೂ ಬಂದುಹೋಗುತ್ತವೆ. ದಾನಿಗಳಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಸಲ ದೇಣಿಗೆ ಕೊಡುವಾಗ, ಶಾಲೆಯ ಚಾವಣಿಯ ಮಳೆನೀರನ್ನು ಹಿಡಿಯುವ ತೊಟ್ಟಿಯೊಂದನ್ನು ನೆನೆಯಿರಿ. ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ವಿನಂತಿ: ಉತ್ಸವಕ್ಕೆ ಬರುವ ಹಿಂದಿನ ಸಂಜೆ ನಿಮ್ಮ ಕಾರನ್ನು ನೀವೇ ತೊಳೆದು ಬನ್ನಿ, ದಾರಿಯ ಧೂಳು ಮತ್ತೆ ಕುಳಿತರೆ ಕುಳಿತಿರಲಿ, ನಮ್ಮೂರಿನ ಮಣ್ಣು ನಮಗೆ ನಾಚಿಕೆಯಲ್ಲ.

ಅಂದು ನಾನು ಬೈದ ಹುಡುಗ ಈಗ ದೊಡ್ಡವನಾಗಿದ್ದಾನೆ. ಕೆಲವು ವರ್ಷಗಳ ಹಿಂದೆ ಮನೆಗೆ ಬಂದಾಗ ನಾನು ಅಂಗಳದಲ್ಲಿ ಅರಿವೆ ಹಿಂಡುತ್ತಿದ್ದೆ. ಅವನು ಬಾಗಿಲಲ್ಲಿಯೇ ನಿಂತು ನೋಡಿದ. ಹಳೆಯ ಮಾತನ್ನೆತ್ತಿ ನಾನು ಕ್ಷಮೆ ಕೇಳಿದೆ. ಅವನು ಏನೂ ಹೇಳದೆ ಎರಡನೆಯ ಅರಿವೆಯನ್ನು ಎತ್ತಿಕೊಂಡ. ಒಣ ಮೈಗೆ ಹಚ್ಚಲಿಲ್ಲ. ಮೊದಲು ನೀರಿನಲ್ಲಿ ಅದ್ದಿದ. ಆ ಸಂಜೆ ಕಾರಿನ ಅರ್ಧ ಮೈಯನ್ನು ಅವನು, ಅರ್ಧವನ್ನು ನಾನು ತೊಳೆದೆವು.