ಬೆಳಿ ಇಪ್ಪದೆಲ್ಲ ಕೂವೆಹೊಡಿ ಅಲ್ಲ

ಮೊನ್ನೆ ಒಂದು ಜೆಂಬಾರಲ್ಲಿ ಕೂವೆಹೊಡಿಯ ಮಾತು ಬಂತು. “ಅದಕ್ಕೆ ಅಷ್ಟು ಕ್ರಯ ಎಂತಕೆ ಕೊಡೆಕ್ಕು? ಅಂಗಡಿಲಿ ಆರೋರೂಟು ಪೆಕೆಟು ಸಿಕ್ಕುತ್ತು. ಎರಡುದೆ ಬೆಳಿ ಹೊಡಿಯೇ ಅಲ್ಲದಾ?” ಹೇಳಿತ್ತು ಎನ್ನ ತಂಗೆ. ಸುತ್ತ ಕೂದೋರು ಅಪ್ಪಪ್ಪು ಹೇಳಿದವು. ಎನಗೆ ಬಡುಸುಲೆ ಇತ್ತು, ಅಲ್ಲಿ ಉತ್ತರ ಕೊಡ್ಲೆ ಪುರುಸೊತ್ತು ಆಯಿದಿಲ್ಲೆ. ಇಲ್ಲಿ ಹೇಳ್ತೆ.

ಎರಡುದೆ ಒಂದೇ ಅಲ್ಲ ಅಕ್ಕಂದ್ರೆ. ಆನು ಒಂದಾರಿ ಆರೋರೂಟು ಹೇಳಿ ದೊಡ್ಡಕೆ ಬರದ ಪೆಕೆಟು ತಂದೆ. ಹಿಂದೆ ತಿರುಗುಸಿ ಓದಿರೆ ಸಣ್ಣ ಅಕ್ಷರಲ್ಲಿ ಮೆಕ್ಕೆಜೋಳದ ಸ್ಟಾರ್ಚು! ಅಯೋಡಿನ್ ಹಾಕಿ ನೋಡುವ° ಹೇಳಿರೆ ಪ್ರಯೋಜನ ಇಲ್ಲೆ. ಪಿಯುಸಿಲಿ ಕಲ್ತದು ನೆಂಪಿದ್ದು, ಏವ ಸ್ಟಾರ್ಚಿಂಗುದೆ ನೀಲಿಯೇ ಬತ್ತು. ಗುಟ್ಟು ಗೊಂತಪ್ಪದು ಒಲೆಲಿ. ಒಂದು ಚಮ್ಚ ಹೊಡಿಯ ತಣ್ಣೀರಿಲಿ ಕರಡುಸಿ ಕಾಸಿ ನೋಡಿ. ಕೂವೆ ಬೇಗ ದಪ್ಪ ಆಗಿ ಕನ್ನಾಟಿಯ ಹಾಂಗೆ ಹೊಳೆತ್ತು, ವಾಸನೆ ಇಲ್ಲೆ. ಜೋಳದ್ದು ಬೆಂದರೂ ಬೆಳಿಯೇ, ಮಸ್ಕು ಮಸ್ಕು. ಮರಗೆಣಂಗಿಂದುದೆ ಹೊಳೆತ್ತು, ಆದರೆ ಸೌಟಿಲಿ ನೆಗ್ಗಿರೆ ನೂಲಿನ ಹಾಂಗೆ ಎಳೆತ್ತು.

ಇನ್ನು ಕ್ರಯ. ಮಳೆ ಸುರುವಿಲಿ ನೆಟ್ಟದರ, ಎಲೆ ಒಣಗಿದ ಮೇಲೆ ಮಕರ ತಿಂಗಳಿಲಿ ಒಕ್ಕುದು. ತೊಳದು, ಚೋಲಿ ತೆಗದು, ಕಡದು, ವಸ್ತ್ರಲ್ಲಿ ಅರುಶಿ ಮಡಗಿರೆ ಹೊಡಿ ಅಡಿಲಿ ನಿಲ್ಲುತ್ತು. ಮೇಲಾಣ ನೀರು ಚೆಲ್ಲಿ ಬೇರೆ ನೀರು, ಅದು ತೆಳಿ ಅಪ್ಪನ್ನಾರ ನಾಕೈದು ಸರ್ತಿ. ಮತ್ತೆ ಬೆಶಿಲಿಂಗೆ. ಹಸಿ ಗೆಡ್ಡೆಲಿ ಸ್ಟಾರ್ಚು ಇಪ್ಪದೇ ಸುಮಾರು 5ರಲ್ಲಿ 1 ಪಾಲು, ಮನೆಲಿ ತೆಗವಗ ಅದುದೆ ಪೂರ ಸಿಕ್ಕುತ್ತಿಲ್ಲೆ. ಎನಗೆ 10 ಕಿಲೊ ಗೆಡ್ಡೆಲಿ 1 ಕಿಲೊ ಹೊಡಿ ಸಿಕ್ಕಿರೆ ಸಂತೋಷ. ಸೊಂಟಬೇನೆಯ ಲೆಕ್ಕ ಬೇರೆ.

ಎಂಗಳ ಆಚಕರೆಯ ಅಜ್ಜಿ ಪ್ರತಿವರ್ಷ ಹೊಡಿ ಮಾಡಿ ಮಾರಿಗೊಂಡಿತ್ತಿದ್ದವು. ಸೀರೆ ಅಂಗಡಿಲಿ ಬಾಯಿ ಮುಚ್ಚಿ ಪೈಸೆ ಕೊಡುವ ನಾವು ಅವರತ್ರೆ ಹತ್ತು ರೂಪಾಯಿಗೆ ಚರ್ಚೆ ಮಾಡಿದ್ದು. ಆನುದೆ ಮಾಡಿದ್ದೆ. ಈ ವರ್ಷ ಕೇಳ್ಲೆ ಹೋದರೆ, “ಆರಿಂಗೆ ಬೇಕು ಮಗಾ, ಬುಡ ಪೂರ ಒಕ್ಕಿ ಇಡ್ಕಿದೆ” ಹೇಳಿದವು. ಎನಗೆ ಮೋರೆ ನೆಗ್ಗುಲೆ ಎಡಿಗಾಯಿದಿಲ್ಲೆ.

ಪೆಕೆಟು ಬೇಕಾರೆ ತನ್ನಿ, ಹಲ್ವ ಮಾಡಿ, ಬೇಡ ಹೇಳ್ತಿಲ್ಲೆ. ಆದರೆ ಅದರ ಕೂವೆ ಹೇಳೆಡಿ. ಮಾಡುವೋರ ಕೆಲಸಕ್ಕೆ ಅದರ ಕ್ರಯ ಕಟ್ಟೆಡಿ.

ಅಜ್ಜಿ ಇಡ್ಕಿದ ಬುಡಂದ ನಾಕು ತುಂಡು ಹೆರ್ಕಿ ತಂದು ಅಡಕ್ಕೆ ತೋಟದ ಕರೆಲಿ ನೆಟ್ಟಿದೆ. ನೆಳಲಿಲಿದೆ ಬತ್ತು. ಬಪ್ಪ ವರ್ಷ ಬನ್ನಿ, ನೆಡ್ಲೆ ಗೆಡ್ಡೆ ಧರ್ಮಕ್ಕೆ ಕೊಡ್ತೆ. ಒಂದಾರಿ ನಿಂಗಳೇ ಹೊಡಿ ಮಾಡಿ, ಮತ್ತೆ ಕ್ರಯದ ಮಾತಾಡುವ°.