ಗಾಳಕ್ಕೆ ಜೀವದ ಮೀನು ಬ್ಯಾಡ, ಫ್ರೀಜರ್ ಮೀನು ಸಾಕು

ಅಡಿಕೆ, ಭತ್ತ, ಮೆಕ್ಕೆಜೋಳದ ಮಾತು ಬದಿಗಿಟ್ಟು ಇವತ್ತು ಗಾಳದ ಬಗ್ಗೆ ಬರೀತೀನಿ. ನಗಬೇಡ್ರಿ. ಸಂಜೆ ಹೊತ್ತು ಸೂಳೆಕೆರೆ ಏರಿ ಮೇಲೆ, ಹೊನ್ನಾಳಿ-ನ್ಯಾಮತಿ ಕಡೆ ಹೊಳೆ ದಂಡೆ ಮೇಲೆ ಗಾಳ ಹಿಡಿದು ಕೂತವರಲ್ಲಿ ಅರ್ಧ ಜನ ನಮ್ಮ ರೈತರೇ. ಈಗ ಜಗಳೂರು ಕಡೆ ಕೆರೆಗಳಿಗೂ ಹೊಳೆ ನೀರು ಬಂದ ಮೇಲೆ ಅಲ್ಲಿಗೂ ಬೈಕಲ್ಲಿ ಹೋಗೋರು ಜಾಸ್ತಿ ಆಗಿದಾರೆ. ಮೀನು ಹಿಡಿಯೋದಕ್ಕೆ ನನ್ನ ತಕರಾರಿಲ್ಲ, ನಾನೂ ಹಿಡೀತೀನಿ. ತಕರಾರು ಇರೋದು ಬೈಕಿಗೆ ನೇತು ಹಾಕಿಕೊಂಡು ಹೋಗೋ ಆ ಬಕೆಟ್ ಬಗ್ಗೆ.

ಬಕೆಟ್‌ನಲ್ಲಿ ಏನಿರುತ್ತೆ ಗೊತ್ತಲ್ಲ, ಎರೆಗೆ ಅಂತ ಹಿಡಿದ ಜೀವದ ಸಣ್ಣ ಮೀನು. ಹೆಚ್ಚಾಗಿ ಜಿಲೇಬಿ ಮರಿ, ಕೆಲವೊಮ್ಮೆ ಆಫ್ರಿಕನ್ ಕ್ಯಾಟ್‌ಫಿಶ್ ಮರಿ. ಬಾಳೆ ಮೀನು, ಕೊರಮೀನು ಕಚ್ಚಲಿ ಅಂತ ಇವನ್ನ ಕೊಕ್ಕೆಗೆ ಚುಚ್ಚಿ ಬಿಡ್ತಾರೆ. ಕತ್ತಲಾದ ಮೇಲೆ ಉಳಿದಿದ್ದನ್ನ "ಪಾಪ, ಬದುಕಿಕೊಳ್ಳಲಿ" ಅಂತ ಅದೇ ಕೆರೆಗೆ ಸುರಿದು ಮನೆಗೆ ಬರ್ತಾರೆ. ಆ ಪಾಪ ಅನ್ನೋ ಮಾತೇ ಕೆರೆಗೆ ಶಾಪ.

ಯಾಕೆ ಅಂದ್ರೆ, ಕಟ್ಲಾ, ರೋಹು, ಮೃಗಾಲ್ ನಿಂತ ನೀರಿನ ಕೆರೆಯಲ್ಲಿ ಮರಿ ಮಾಡಲ್ಲ. ಅವಕ್ಕೆ ಮಳೆಗಾಲದ ಹರಿಯೋ ಹೊಳೆ ಬೇಕು. ಅದಕ್ಕೇ ಕೆರೆ ಗುತ್ತಿಗೆ ಹಿಡಿದ ಸಂಘದವರು ವರ್ಷ ವರ್ಷ ಬಿಆರ್‌ಪಿಯಿಂದಲೋ ಬೇರೆ ಕಡೆಯಿಂದಲೋ ದುಡ್ಡು ಕೊಟ್ಟು ಮರಿ ತಂದು ಬಿಡಬೇಕು. ಜಿಲೇಬಿಗೆ ಇದ್ಯಾವುದೂ ಬ್ಯಾಡ. 1952ರಲ್ಲಿ ನಮ್ಮ ದೇಶಕ್ಕೆ ತಂದ ಮೀನು ಅದು. ತಾಯಿ ಮೊಟ್ಟೆನ ಬಾಯೊಳಗೇ ಇಟ್ಟುಕೊಂಡು ಮರಿ ಮಾಡುತ್ತೆ, ವರ್ಷಕ್ಕೆ ಹಲವು ಸಲ. ನಾಲ್ಕು ಮರಿ ಬಿದ್ದರೆ ಸಾಕು, ಒಂದೆರಡು ವರ್ಷದಲ್ಲಿ ಕೆರೆ ತುಂಬ ಅಂಗೈ ಅಗಲದ ಜಿಲೇಬಿ. ಹೊಟ್ಟೆಗಿಲ್ಲದೆ ಅದೂ ಬೆಳೆಯಲ್ಲ, ಕಟ್ಲಾನೂ ಬೆಳೆಯೋಕೆ ಬಿಡಲ್ಲ. ನೆಟ್ಟಿ ಮಾಡಿದ ಗದ್ದೆಗೆ ಕೈಯಾರೆ ಕಳೆ ಬೀಜ ಎರಚಿದ ಹಾಗೆ.

ಆಫ್ರಿಕನ್ ಕ್ಯಾಟ್‌ಫಿಶ್ ಕತೆ ಇನ್ನೂ ಕೆಟ್ಟದು. ಅದನ್ನ ಸಾಕೋದನ್ನ ಕೇಂದ್ರ ಸರ್ಕಾರ 2000ರಲ್ಲೇ ನಿಷೇಧ ಮಾಡಿದೆ. ಗಾಳಿ ಉಸಿರಾಡುತ್ತೆ, ಕೆಸರಲ್ಲೂ ಬದುಕುತ್ತೆ, ಒದ್ದೆ ನೆಲದ ಮೇಲೆ ತೆವಳಿಕೊಂಡು ಪಕ್ಕದ ಹೊಂಡಕ್ಕೂ ಹೋಗುತ್ತೆ, ಬಾಯಿಗೆ ಸಿಕ್ಕ ಮರಿನೆಲ್ಲ ನುಂಗುತ್ತೆ.

ಸೂಳೆಕೆರೆಯಲ್ಲಿ ಜಿಲೇಬಿ ಸೇರಿ ಎಷ್ಟೋ ಕಾಲ ಆಯ್ತು, ಅಲ್ಲಿ ಇನ್ನೇನು ಮಾಡೋಕಾಗಲ್ಲ. ಜಗಳೂರಿನ ಮಾತು ಬೇರೆ. 57 ಕೆರೆ ತುಂಬಿಸೋ ಯೋಜನೆ ಬರೋಕೆ ಎಷ್ಟು ವರ್ಷ ಕಾದ್ರು, ಎಷ್ಟು ಹೋರಾಟ ಆಯ್ತು, ನಿಮಗೇ ಗೊತ್ತು. ವರ್ಷಗಟ್ಟಲೆ ಒಣಗಿ ಜಾಲಿ ಬೆಳೆದಿದ್ದ ಕೆರೆ ಅಂಗಳದಲ್ಲಿ ಹಳೇ ಮೀನಿನ ಸಂತಾನ ಉಳಿದಿರೋದು ಕಷ್ಟ. ಅಂದ್ರೆ ಹೊಸ ಕೆರೆ ಇದ್ದ ಹಾಗೆ. ಪೈಪಿನಲ್ಲೂ ಹೊಳೆ ಮೀನು ಬರಬಹುದಲ್ಲ ಅಂತ ಕೇಳ್ತೀರಿ. ಬರಬಹುದು. ಪೈಪಿನಲ್ಲಿ ಬರೋದನ್ನ ತಡೆಯೋಕೆ ನಮ್ಮ ಕೈಲಾಗಲ್ಲ. ಬಕೆಟ್‌ನಲ್ಲಿ ಹೋಗೋದನ್ನ ತಡೀಬಹುದು.

ಹಾಗಾದ್ರೆ ಎರೆಗೆ ಏನು ಹಾಕೋದು? ನನ್ನ ಮಾತು ಇಷ್ಟೇ: ಫ್ರೀಜರ್‌ನಲ್ಲಿಟ್ಟ ಸತ್ತ ಮೀನು ಹಾಕ್ರಿ. ಅದು ಕೆರೆಗೆ ಬಿದ್ದರೂ ಮರಿ ಮಾಡಲ್ಲ. ವರ್ಷಕ್ಕೊಂದು ಸಲ ನಾವು ಗೆಳೆಯರು ಮಲ್ಪೆ ಕಡೆ ಹೋಗ್ತೀವಿ. ಅಲ್ಲಿ ಕಡಲಿಗೆ ಗಾಳ ಹಾಕೋರು ಐಸ್ ಡಬ್ಬದಿಂದ ಬೂತಾಯಿ ತುಂಡು, ಸೀಗಡಿ, ಬೊಂಡಾಸ್ ತೆಗೆದು ಚುಚ್ಚೋದನ್ನ ನೋಡಿದೀನಿ. ಸಮುದ್ರದ ಮೀನಿಗೇ ಅದು ಸಾಕಾದ್ರೆ ನಮ್ಮ ಬಾಳೆ ಮೀನಿಗೆ ಸಾಲಲ್ವಾ? ಬಾಳೆ ಮೀನು ರಾತ್ರಿ ವಾಸನೆ ಹಿಡಿದು ತಳದಲ್ಲಿ ಮೇಯೋ ಪ್ರಾಣಿ, ಸತ್ತಿದ್ದನ್ನೂ ಬಿಡಲ್ಲ.

ಸತ್ತ ಎರೆ ನಿಲ್ಲಲ್ಲ, ಎಸೆದ ತಕ್ಷಣ ಕಳಚಿ ಹೋಗುತ್ತೆ ಅಂತ ಬಹಳ ಜನ ಹೇಳ್ತಾರೆ. ನಿಜ, ಹೋಗುತ್ತೆ. ಆದ್ರೆ ತಪ್ಪು ಮೀನಿನದಲ್ಲ, ಇಟ್ಟ ರೀತಿದು. ಒಂದು ಕೆಜಿ ಮೀನು ಒಂದೇ ಕವರಿಗೆ ತುಂಬಿ ಫ್ರೀಜರಿಗೆ ತಳ್ಳಿದ್ರೆ ಮಧ್ಯದ ಮೀನು ಗಟ್ಟಿ ಆಗೋಕೆ ರಾತ್ರಿಯೆಲ್ಲ ಬೇಕು. ನಿಧಾನಕ್ಕೆ ಗಟ್ಟಿ ಆದಷ್ಟೂ ಮಾಂಸದೊಳಗಿನ ನೀರು ದಪ್ಪ ದಪ್ಪ ಐಸ್ ಹರಳಾಗುತ್ತೆ. ತುಂಬಿದ ಬಾಟಲಿ ಫ್ರೀಜರಿನಲ್ಲಿಟ್ಟರೆ ಒಡೆಯಲ್ವಾ, ಹಾಗೇ ಮಾಂಸದ ಎಳೆ ಒಳಗೊಳಗೇ ಹರಿಯುತ್ತೆ. ಕರಗಿದಾಗ ನೀರೆಲ್ಲ ಸೋರಿ ಮೀನು ಹಿಂಡಿದ ಬಟ್ಟೆ ಆಗಿರುತ್ತೆ. ಕೊಕ್ಕೆ ಮೇಲೆ ಹೇಗೆ ನಿಲ್ಲಬೇಕು?

ನಾನು ಮಾಡೋದು ಹೀಗೆ. ಜಿಲೇಬಿನೇ ಎರೆ. ಯಾವ ನೀರಲ್ಲಿ ಅದು ಈಗಾಗಲೇ ಇದೆಯೋ ಅಲ್ಲೇ ಮೂರು-ನಾಲ್ಕು ಇಂಚಿನವನ್ನ ಹಿಡಿದು, ಅಲ್ಲೇ ಐಸ್ ನೀರಿಗೆ ಹಾಕಿಬಿಡ್ತೀನಿ. ಜೀವದ ಮೀನು ದಂಡೆ ಬಿಟ್ಟು ಹೊರಡಬಾರದು. ಮನೆಗೆ ಬಂದು ತೊಳೆದು, ಬಟ್ಟೆಯಲ್ಲಿ ಒರೆಸಿ, ಕಲ್ಲುಪ್ಪು ಉದುರಿಸಿ ಎರಡು ತಾಸು ಫ್ರಿಜ್ಜಿನ ಕೆಳಗಿನ ಭಾಗದಲ್ಲಿಡ್ತೀನಿ. ಉಪ್ಪು ನೀರು ಎಳೆದು ಮಾಂಸ ಬಿಗಿ ಮಾಡುತ್ತೆ. ಬಿಟ್ಟ ನೀರು ಚೆಲ್ಲಿ, ಇನ್ನೊಮ್ಮೆ ಒರೆಸಿ, ಸ್ಟೀಲ್ ತಟ್ಟೆ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡಿ ಫ್ರೀಜರಿಗೆ. ಸ್ಟೀಲ್ ತಟ್ಟೆ ತಣ್ಣಗೆ ಬೇಗ ಎಳೆಯುತ್ತೆ, ಮೀನು ಬಿಡಿ ಬಿಡಿಯಾಗಿ ಗಟ್ಟಿ ಆಗುತ್ತೆ. ಆಮೇಲೆ ಒಂದು ಸಂಜೆಗೆ ಬೇಕಾದಷ್ಟು, ಎಂಟೋ ಹತ್ತೋ, ಒಂದು ಕವರಿಗೆ ಹಾಕಿ ಗಾಳಿ ಒತ್ತಿ ತೆಗೆದು ಕಟ್ಟಿ ತಾರೀಕು ಬರೀತೀನಿ. ದಂಡೆಗೆ ಒಯ್ದಿದ್ದು ವಾಪಸ್ ಫ್ರೀಜರಿಗೆ ಬರಬಾರದು. ಕರಗಿಸಿ ಮತ್ತೆ ಗಟ್ಟಿ ಮಾಡಿದ್ದು ಎರೆಗೂ ಆಗಲ್ಲ. ಅರ್ಧ ಕರಗಿದಾಗಲೇ ಬಾಲದ ಕಡೆಯಿಂದ ಚುಚ್ಚಿ, ಹೊಲಿಗೆ ದಾರದಲ್ಲಿ ನಾಲ್ಕು ಸುತ್ತು ಸುತ್ತಿದ್ರೆ ಎಷ್ಟು ಬೀಸಿ ಎಸೆದರೂ ಬಿಡಲ್ಲ.

ನಮ್ಮೂರ ಕರೆಂಟ್ ನಂಬೋ ಹಾಗಿಲ್ಲವಲ್ಲ, ಅದಕ್ಕೊಂದು ಉಪಾಯ. ಸಣ್ಣ ಲೋಟದಲ್ಲಿ ನೀರು ಗಟ್ಟಿ ಮಾಡಿ ಮೇಲೆ ಒಂದು ರೂಪಾಯಿ ನಾಣ್ಯ ಇಡ್ರಿ. ಊರಿಗೆ ಹೋಗಿ ಬಂದಾಗ ನಾಣ್ಯ ಲೋಟದ ತಳದಲ್ಲಿದ್ರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿ ಆಗಿದೆ ಅಂತ ಅರ್ಥ.

ವಾಸನೆ ಜಾಸ್ತಿ ಬೇಕು ಅನ್ನೋರು ಸಂತೆಯಿಂದ ಬೂತಾಯಿ ತರ್ತಾರೆ. ತರ್ರಿ, ಆದ್ರೆ ನೋಡಿ ತರ್ರಿ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಗಿರಬೇಕು. ಹೊಟ್ಟೆ ಒಡೆದಿದ್ರೆ ಮುಟ್ಟಲೇಬ್ಯಾಡ್ರಿ. ಕಡಲಿಂದ ಘಟ್ಟ ಹತ್ತಿ ಬರೋ ಹೊತ್ತಿಗೇ ಅದಕ್ಕೆ ವಯಸ್ಸಾಗಿರುತ್ತೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ಸಂತೆಗೆ ಬರೋದರಲ್ಲಿ ಕೋಲ್ಡ್ ಸ್ಟೋರೇಜ್ ಮಾಲೇ ಹೆಚ್ಚು. ಆ ಎರಡು ತಿಂಗಳು ಬೂತಾಯಿ ಆಸೆ ಬಿಡ್ರಿ. ಎಣ್ಣೆ ಮೀನಾದ್ದರಿಂದ ಫ್ರೀಜರ್‌ನಲ್ಲೂ ಎರಡು-ಮೂರು ತಿಂಗಳಿಗೆ ಹಳದಿ ತಿರುಗಿ ಕಮಟು ಹಿಡಿಯುತ್ತೆ. ವರ್ಷಕ್ಕಾಗೋಷ್ಟು ತುಂಬಿಡೋದು ದಂಡ.

ಗಾಳಕ್ಕೆ ತಾನೆ ಅಂತ ಮೂಲೆಯಲ್ಲಿ ಬಿದ್ದ ಹಳೇ ಮೀನನ್ನ ಕಡಿಮೆ ರೇಟಿಗೆ ತರೋರಿದಾರೆ. ಅವರಿಗೊಂದು ಮಾತು. ಬೂತಾಯಿ, ಬಂಗುಡೆ ಐಸಿಲ್ಲದೆ ಬಿದ್ದಿದ್ರೆ ಅದರಲ್ಲಿ ಹಿಸ್ಟಮಿನ್ ಅನ್ನೋದು ಹುಟ್ಟುತ್ತೆ, ಬೇಯಿಸಿದ್ರೂ ಹೋಗಲ್ಲ. ತಿಂದ್ರೆ ಮುಖ ಕೆಂಪಾಗಿ ತಲೆನೋವು, ವಾಂತಿ. ಎರೆ ಕವರ್ ಯಾವುದು, ಸಾರಿನ ಕವರ್ ಯಾವುದು ಅಂತ ಮನೆಯಲ್ಲಿ ಯಾರಿಗೆ ಗೊತ್ತಾಗುತ್ತೆ? ನಾವು ತಿನ್ನಲಾರದ್ದು ನಮ್ಮ ಫ್ರೀಜರಿಗೆ ಬರಬಾರದು. ಎರೆಗೆ ಬೇರೆ ಡಬ್ಬ ಇಡ್ರಿ, ಮನೆಯವರ ಬೈಗುಳನೂ ಅರ್ಧ ಕಮ್ಮಿ ಆಗುತ್ತೆ.

ಕೊರಮೀನಿನ ವಿಷಯದಲ್ಲಿ ನನ್ನ ವಾದ ಸ್ವಲ್ಪ ಕುಂಟುತ್ತೆ, ಒಪ್ತೀನಿ. ಅದಕ್ಕೆ ಅಲ್ಲಾಡೋದೇ ಬೇಕು. ಸತ್ತ ಎರೆ ಸುಮ್ಮನೆ ಬಿದ್ದಿದ್ರೆ ತಿರುಗಿ ನೋಡಲ್ಲ. ಜೊಂಡಿನ ಅಂಚಿಗೆ ಎಸೆದು ಎಳೆದು ಎಳೆದು ನಿಲ್ಲಿಸಿದ್ರೆ ಕಚ್ಚುತ್ತೆ, ಆದ್ರೆ ಜೀವದ ಮೀನಿಗೆ ಬಿದ್ದಷ್ಟು ಬೀಳಲ್ಲ. ರಬ್ಬರ್ ಕಪ್ಪೆ ಅಂಗಡಿಯಲ್ಲಿ ಸಿಗುತ್ತೆ, ಅದೂ ನಡೆಯುತ್ತೆ. ಗದ್ದೆಯ ನಿಜವಾದ ಕಪ್ಪೆ ಮಾತ್ರ ಚುಚ್ಚಬ್ಯಾಡ್ರಿ, ನಮ್ಮ ಭತ್ತದ ಹುಳ ತಿನ್ನೋ ಕೂಲಿಯಾಳು ಅದು. ಎರಡು ಕೊರಮೀನು ಕಮ್ಮಿ ಬಿದ್ದರೆ ಬೀಳಲಿ, ಕೆರೆ ಕೆಡಿಸೋದಕ್ಕಿಂತ ವಾಸಿ.

ಗುತ್ತಿಗೆ ಆದ ಕೆರೆಯಲ್ಲಿ ಸಂಘದವರನ್ನ ಕೇಳಿಯೇ ಗಾಳ ಹಾಕ್ರಿ. ಉಳಿದ ಎರೆ ದಂಡೆ ಮೇಲೆ ಬಿಸಾಡಿದ್ರೆ ನಾಯಿ ಕಾಟ, ಮನೆಗೆ ತಂದು ತೆಂಗಿನ ಬುಡದಲ್ಲಿ ಆಳಕ್ಕೆ ಹೂಳ್ರಿ. ಜಗಳೂರು ಕಡೆಯ ಅಣ್ಣಂದಿರು ಒಂದು ಕೆಲಸ ಮಾಡ್ರಿ: ನಿಮ್ಮೂರ ಕೆರೆಯಲ್ಲಿ ಈ ವರ್ಷ ಬಲೆಗೆ ಜಿಲೇಬಿ ಬಿತ್ತಾ ಇಲ್ವಾ ಅಂತ ವಿಚಾರಿಸಿ ನನಗೆ ಹೇಳ್ರಿ. ಬಿದ್ದಿಲ್ಲ ಅಂದ್ರೆ, ಜೀವದ ಮೀನಿನ ಬಕೆಟ್ ತರಬಾರದು ಅಂತ ಏರಿ ಮೇಲೆ ಒಂದು ಬೋರ್ಡ್ ಹಾಕೋಕೆ ಪಂಚಾಯ್ತಿಯವರ ಹತ್ರ ಈಗಲೇ ಮಾತಾಡ್ರಿ.