ರಾಷ್ಟ್ರೀಯ ಫುಟ್‌ಬಾಲ್ ತಂಡದ ಮುಖ್ಯ ಕೋಚ್ ನೇಮಕ, ಮೌಲ್ಯಮಾಪನ ಮತ್ತು ಬದಲಾವಣೆ ಕುರಿತು ಮನವಿ ಪತ್ರ

ಸ್ಥಳ: ಚಿಕ್ಕಬಳ್ಳಾಪುರ
ದಿನಾಂಕ: ಡಿಸೆಂಬರ್ 2025

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಕಾರ್ಯಕಾರಿ ಸಮಿತಿಯ ಸದಸ್ಯರು,
ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್,
ಫುಟ್‌ಬಾಲ್ ಹೌಸ್, ದ್ವಾರಕಾ, ನವದೆಹಲಿ.

ಮೂಲಕ:
ಮಾನ್ಯ ಅಧ್ಯಕ್ಷರು, ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ,
ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ, ಅಶೋಕನಗರ, ಬೆಂಗಳೂರು.

ಇವರಿಂದ:
ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಫುಟ್‌ಬಾಲ್ ಆಟಗಾರರು, ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಅಭಿಮಾನಿಗಳು.

ವಿಷಯ: ಭಾರತ ಫುಟ್‌ಬಾಲ್ ತಂಡದ ಮುಖ್ಯ ಕೋಚ್ ಅವರನ್ನು ಉಳಿಸಿಕೊಳ್ಳುವ ಅಥವಾ ಬದಲಾಯಿಸುವ ತೀರ್ಮಾನಕ್ಕೆ ಲಿಖಿತ ನಿಯಮಾವಳಿ ರೂಪಿಸುವಂತೆ ಹಾಗೂ ತಾಲ್ಲೂಕು ಮಟ್ಟದಲ್ಲಿ ಕೋಚ್‌ಗಳನ್ನು ತಯಾರು ಮಾಡುವಂತೆ ಕೋರಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನಾಲ್ಕು ತಾಲ್ಲೂಕುಗಳ ನಾವು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

ಅಕ್ಟೋಬರ್ 14ರಂದು ಗೋವಾದ ಫತೋರ್ಡಾದಲ್ಲಿ ಸಿಂಗಪುರದ ಎದುರು 1–2ರಿಂದ ಸೋತು ನಮ್ಮ ತಂಡ 2027ರ ಏಷ್ಯನ್ ಕಪ್ ಅರ್ಹತೆಯಿಂದ ಹೊರಬಿತ್ತು. 2019 ಮತ್ತು 2023ರ ಎರಡು ಟೂರ್ನಿಗಳಲ್ಲಿ ಸಾಲಾಗಿ ಆಡಿದ್ದ ತಂಡ ಇದು. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶದ ಎದುರು 0–1ರ ಸೋಲಾಯಿತು. 22 ವರ್ಷಗಳಲ್ಲಿ ಆ ತಂಡಕ್ಕೆ ನಾವು ಸೋತಿದ್ದು ಇದೇ ಮೊದಲು. 2023ರ ಜುಲೈನಲ್ಲಿ 99ನೇ ಸ್ಥಾನದಲ್ಲಿದ್ದ ಭಾರತ ಫಿಫಾ ರ‍್ಯಾಂಕಿಂಗ್‌ನಲ್ಲಿ ಈಗ 142ಕ್ಕೆ ಇಳಿದಿದೆ. ಪ್ರತಿ ಸೋಲಿನ ಮರುದಿನ ಏಳುವ ಕೂಗು ಈಗಲೂ ಎದ್ದಿದೆ: ಕೋಚ್ ಬದಲಾಯಿಸಿ.

ಈ ಮನವಿಗೆ ಸಹಿ ಹಾಕಿದವರಲ್ಲೇ ಎರಡು ಅಭಿಪ್ರಾಯಗಳಿವೆ. ಸೋಲಿನ ಹೊಣೆಯನ್ನು ಯಾರಾದರೂ ಹೊರಬೇಕು ಎಂಬುದು ಒಂದು. ಕೋಚ್ ಒಬ್ಬರನ್ನು ಕಳಿಸಿದ ಮಾತ್ರಕ್ಕೆ ಗೋಲು ಹುಟ್ಟುವುದಿಲ್ಲ ಎಂಬುದು ಇನ್ನೊಂದು. ಆದರೆ ಒಂದು ಮಾತಿನಲ್ಲಿ ಭಿನ್ನಾಭಿಪ್ರಾಯವಿಲ್ಲ. ಕೋಚ್ ಅವರನ್ನು ಬದಲಾಯಿಸುವ ಮೊದಲು, ಬದಲಾಯಿಸುವ ಕ್ರಮವನ್ನು ಬದಲಾಯಿಸಬೇಕು.

ಇಗೊರ್ ಸ್ಟಿಮಾಚ್ ಅವಧಿ ಕಲಿಸಿದ್ದು

ಕ್ರೊಯೇಷಿಯಾದ ಇಗೊರ್ ಸ್ಟಿಮಾಚ್ ಅವರು 2019ರ ಮೇ ತಿಂಗಳಿಂದ 2024ರ ಜೂನ್‌ವರೆಗೆ ಐದು ವರ್ಷ ನಮ್ಮ ಮುಖ್ಯ ಕೋಚ್ ಆಗಿದ್ದರು. 53 ಪಂದ್ಯಗಳಲ್ಲಿ 19 ಗೆಲುವು, 14 ಡ್ರಾ, 20 ಸೋಲು. ಅವರ ಒಳ್ಳೆಯ ದಿನಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ. 2023ರ ಜೂನ್, ಜುಲೈನಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್ ಬೆಂಗಳೂರಿನ ಕಂಠೀರವದಲ್ಲಿ ನಡೆದಾಗ ಗೌರಿಬಿದನೂರಿನಿಂದ ರೈಲು ಹತ್ತಿ, ಚಿಂತಾಮಣಿಯಿಂದ ಬಸ್ ಹಿಡಿದು ಹೋದವರು ನಮ್ಮಲ್ಲಿದ್ದಾರೆ. ಮೊದಲ ಪಂದ್ಯದಲ್ಲಿ ಪಾಕಿಸ್ತಾನದ ಆಟಗಾರ ಥ್ರೋ-ಇನ್‌ಗೆ ಕೈ ಎತ್ತಿದಾಗ ಗೆರೆಯ ಬಳಿ ನಿಂತಿದ್ದ ಸ್ಟಿಮಾಚ್ ಚೆಂಡನ್ನು ತಟ್ಟಿ ಬೀಳಿಸಿದರು. ಎರಡೂ ಕಡೆಯವರು ನುಗ್ಗಿ ಬಂದರು, ರೆಫರಿ ಕೆಂಪು ಕಾರ್ಡ್ ತೋರಿಸಿದರು. ಕುವೈತ್ ಎದುರಿನ ಲೀಗ್ ಪಂದ್ಯದಲ್ಲಿ ಅವರಿಗೆ ಮತ್ತೊಂದು ಕೆಂಪು ಕಾರ್ಡ್ ಬಿತ್ತು. ಸೆಮಿಫೈನಲ್, ಫೈನಲ್‌ಗಳಲ್ಲಿ ತಂಡವನ್ನು ನಡೆಸಿದ್ದು ಸಹಾಯಕ ಕೋಚ್ ಮಹೇಶ್ ಗಾವ್ಲಿ. ಜುಲೈ 4ರಂದು ಕುವೈತ್ ಅನ್ನು ಪೆನಾಲ್ಟಿಯಲ್ಲಿ ಸೋಲಿಸಿ ನಾವು ಕಪ್ ಎತ್ತಿದೆವು. ಮುಖ್ಯ ಕೋಚ್ ಬೆಂಚಿನಲ್ಲಿಲ್ಲದೆಯೂ ಗೆದ್ದ ತಂಡ ಅದು.

ನಂತರದ ಇಳಿಕೆಯನ್ನೂ ನೋಡಿದೆವು. 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ 2023ರ ಏಷ್ಯನ್ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಮೂರಕ್ಕೂ ಸೋತೆವು, ಒಂದು ಗೋಲೂ ಬರಲಿಲ್ಲ. ಮಾರ್ಚ್ 26ರಂದು ಗುವಾಹಟಿಯಲ್ಲಿ ಅಫ್ಗಾನಿಸ್ತಾನಕ್ಕೆ 1–2ರಿಂದ ಶರಣಾದೆವು. ಜೂನ್ 11ರಂದು ದೋಹಾದಲ್ಲಿ ಕತಾರ್ ಎದುರು ಸೋತು ವಿಶ್ವಕಪ್ ಅರ್ಹತಾ ಟೂರ್ನಿಯ ಮೂರನೇ ಸುತ್ತಿನ ಬಾಗಿಲು ಮುಚ್ಚಿತು. ಆ ಪಂದ್ಯದಲ್ಲಿ ಗೆರೆ ದಾಟಿದ್ದ ಚೆಂಡನ್ನು ಎಳೆದು ಹೊಡೆದ ಗೋಲಿಗೆ ರೆಫರಿ ಮಾನ್ಯತೆ ಕೊಟ್ಟದ್ದು ಅನ್ಯಾಯವೇ. ಆದರೆ ಗುವಾಹಟಿಯಲ್ಲಿ ಗೆದ್ದಿದ್ದರೆ ದೋಹಾದಲ್ಲಿ ರೆಫರಿಯ ಕೈಗೆ ನಮ್ಮ ಭವಿಷ್ಯ ಕೊಡಬೇಕಿರಲಿಲ್ಲ. ಆದ್ದರಿಂದ ಜೂನ್ 17ರಂದು ಅವರನ್ನು ಬಿಡುಗಡೆ ಮಾಡಿದ ತಮ್ಮ ತೀರ್ಮಾನ ಸರಿಯಾಗಿತ್ತೆಂದೇ ನಮ್ಮ ಅಭಿಪ್ರಾಯ.

ತಪ್ಪಿದ್ದು ಅದರ ವಿಧಾನದಲ್ಲಿ. ಏಷ್ಯನ್ ಕಪ್‌ಗೆ ಮೂರೇ ತಿಂಗಳಿದ್ದಾಗ, 2023ರ ಅಕ್ಟೋಬರ್‌ನಲ್ಲಿ, ಅವರ ಒಪ್ಪಂದವನ್ನು 2026ರವರೆಗೆ ವಿಸ್ತರಿಸಲಾಯಿತು. ಪರೀಕ್ಷೆಗೆ ಮುನ್ನವೇ ಫಲಿತಾಂಶ ಪ್ರಕಟಿಸಿದ ಹಾಗಾಯಿತು. ಕೊನೆಗೆ ಪರಿಹಾರವಾಗಿ 4 ಲಕ್ಷ ಡಾಲರ್, ಅಂದರೆ ಸುಮಾರು 3.36 ಕೋಟಿ ರೂಪಾಯಿ ಕೊಡಲು ಫೆಡರೇಷನ್ ಒಪ್ಪಬೇಕಾಯಿತು. ಅಷ್ಟು ಹಣ ಒಬ್ಬ ಕೋಚ್ ಕೆಲಸ ಮಾಡದೆ ಇರುವುದಕ್ಕೆ ಹೋಯಿತು.

ಬದಲಾವಣೆಯ ನಂತರವೂ ಬದಲಾಗದ್ದು

2024ರ ಜುಲೈನಲ್ಲಿ ಬಂದ ಮನೋಲೊ ಮಾರ್ಕೆಸ್ ಅವರಿಗೆ ಎಫ್‌ಸಿ ಗೋವಾ ತಂಡದ ಹೊಣೆಯನ್ನೂ ಜೊತೆಗೇ ಮುಂದುವರಿಸಲು ಬಿಡಲಾಯಿತು. ಎಂಟು ಪಂದ್ಯಗಳಲ್ಲಿ ಒಂದೇ ಗೆಲುವು, ಅದೂ ಮಾಲ್ದೀವ್ಸ್ ಎದುರು. 2025ರ ಜುಲೈನಲ್ಲಿ ಅವರೂ ಹೊರಟರು. ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬಂದರು. 14 ತಿಂಗಳಲ್ಲಿ ಮೂರನೇ ಮುಖ್ಯ ಕೋಚ್. 2017ರಲ್ಲಿ ಐಜ್ವಾಲ್‌ನಂಥ ಸಣ್ಣ ಕ್ಲಬ್‌ಗೆ ಐ-ಲೀಗ್ ಗೆದ್ದುಕೊಟ್ಟವರು ಅವರು. ಮೊದಲ ಟೂರ್ನಿಯಲ್ಲೇ ಒಮನ್ ತಂಡವನ್ನು ಪೆನಾಲ್ಟಿಯಲ್ಲಿ ಮಣಿಸಿ ಕಾಫಾ ನೇಷನ್ಸ್ ಕಪ್‌ನಲ್ಲಿ ಮೂರನೇ ಸ್ಥಾನ ತಂದರು. ಎರಡೇ ತಿಂಗಳಲ್ಲಿ ಅವರನ್ನೂ ಕಳಿಸಿ ಎಂಬ ಕೂಗು ಶುರುವಾಯಿತು.

ಕೋಚ್ ಯಾರೇ ಇರಲಿ, ಅವರ ಕೈಗೆ ನಾವು ಏನು ಕೊಟ್ಟಿದ್ದೇವೆ? 2024ರ ಜೂನ್‌ನಲ್ಲಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದ್ದ ಸುನಿಲ್ ಛೆಟ್ರಿ ಅವರನ್ನು 2025ರ ಮಾರ್ಚ್‌ನಲ್ಲಿ, 40ರ ವಯಸ್ಸಿನಲ್ಲಿ, ಮತ್ತೆ ಕರೆಸಬೇಕಾಯಿತು. ಆ ಸಾಲಿನ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) 14 ಗೋಲು ಹೊಡೆದು ಭಾರತೀಯರಲ್ಲಿ ಮುಂದಿದ್ದವರು ಅವರೇ. ಕ್ಲಬ್‌ಗಳು ಗೋಲು ಹೊಡೆಯುವ ಕೆಲಸವನ್ನು ಹೆಚ್ಚಾಗಿ ವಿದೇಶಿಯರಿಗೆ ವಹಿಸಿದ ಮೇಲೆ ಭಾರತೀಯ ಸ್ಟ್ರೈಕರ್ ಎಲ್ಲಿಂದ ಬರಬೇಕು? ಈ ವರ್ಷವಂತೂ ಐಎಸ್‌ಎಲ್ ಎಂದಿನಂತೆ ಸೆಪ್ಟೆಂಬರ್‌ನಲ್ಲಿ ಶುರುವಾಗಲೇ ಇಲ್ಲ. ವಾಣಿಜ್ಯ ಹಕ್ಕುಗಳ ಒಪ್ಪಂದ ಇತ್ಯರ್ಥವಾಗದೆ ಲೀಗ್ ನಿಂತಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಿತು. ಲೀಗ್ ಆಡದ ಕಾಲುಗಳನ್ನು ಢಾಕಾಕ್ಕೆ ಕಳಿಸಿ ಸೋಲಿನ ಲೆಕ್ಕವನ್ನು ಕೋಚ್ ಹೆಸರಿಗೆ ಬರೆಯುವುದು ನ್ಯಾಯವಲ್ಲ. ನಮ್ಮ ಶಿಡ್ಲಘಟ್ಟದ ರೇಷ್ಮೆ ರೈತರ ಮಾತಿನಲ್ಲಿ ಹೇಳುವುದಾದರೆ, ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಹಾಕದೆ, ಗೂಡು ತೆಳ್ಳಗಾಯಿತೆಂದು ಚಂದ್ರಿಕೆ ಬದಲಾಯಿಸಿದಂತೆ.

ತಾಳ್ಮೆ ಫಲ ಕೊಟ್ಟ ಉದಾಹರಣೆಗಳು

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10–1ರಿಂದ ಹೊಸಕಿ ಹಾಕಿತು. ಆಗಿನ ಕೋಚ್ ಸೈಯದ್ ಅಬ್ದುಲ್ ರಹೀಮ್ ಅವರನ್ನು ಮರುದಿನವೇ ಕಳಿಸಿದ್ದರೆ 1956ರ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನವೂ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಚಿನ್ನವೂ ಬರುತ್ತಿದ್ದವೇ? ಆ ಚಿನ್ನದ ತಂಡದಲ್ಲಿ ನಮ್ಮ ಬೆಂಗಳೂರಿನ ಅರುಮೈನಾಯಗಂ ಇದ್ದರು.

ಇತ್ತೀಚಿನ ಉದಾಹರಣೆಯೂ ಇದೆ. 2015ರಲ್ಲಿ ಸ್ಟೀಫನ್ ಕಾನ್‌ಸ್ಟಂಟೈನ್ ಕೋಚ್ ಆಗಿದ್ದಾಗ ಇದೇ ಕಂಠೀರವದಲ್ಲಿ ಒಮನ್‌ಗೂ ಇರಾನ್‌ಗೂ ಸೋತೆವು. ಪುಟ್ಟ ದ್ವೀಪ ಗುವಾಮ್ ಕೂಡ ತನ್ನ ನೆಲದಲ್ಲಿ ನಮ್ಮನ್ನು ಸೋಲಿಸಿತು. ವಿಶ್ವಕಪ್ ಅರ್ಹತೆಯ ಎಂಟು ಪಂದ್ಯಗಳಲ್ಲಿ ಏಳು ಸೋಲು. ಆದರೂ ಅವರನ್ನು ಉಳಿಸಿಕೊಳ್ಳಲಾಯಿತು. 2017ರ ಜುಲೈನಲ್ಲಿ ಭಾರತ 96ನೇ ಸ್ಥಾನಕ್ಕೇರಿತು. ಅದೇ ಅಕ್ಟೋಬರ್‌ನಲ್ಲಿ, ಅದೇ ಕಂಠೀರವದಲ್ಲಿ, ಮಕಾವು ತಂಡವನ್ನು 4–1ರಿಂದ ಸೋಲಿಸಿ 2019ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು.

ಕ್ಲಬ್ ಮಟ್ಟದಲ್ಲಿ ಬೆಂಗಳೂರು ಎಫ್‌ಸಿ ಎರಡೂ ದಾರಿ ನೋಡಿದೆ. 2019ರಲ್ಲಿ ಐಎಸ್‌ಎಲ್ ಕಪ್ ತಂದ ಕಾರ್ಲೆಸ್ ಕ್ವಾದ್ರಾತ್ ಅವರನ್ನು 2021ರ ಜನವರಿಯಲ್ಲಿ, ಸಾಲು ಸೋಲುಗಳ ನಂತರ, ಸೀಸನ್ ನಡುವೆಯೇ ಕಳಿಸಿತು. ಕಪ್ ಮತ್ತೆ ಬರಲಿಲ್ಲ. 2023ರ ಡಿಸೆಂಬರ್‌ನಲ್ಲಿ ಬಂದ ಜೆರಾರ್ಡ್ ಸರಗೋಸಾ ಅವರ ಕೈಯಲ್ಲಿ ತಂಡ 10ನೇ ಸ್ಥಾನಕ್ಕೆ ಕುಸಿದರೂ ಅವರನ್ನು ಉಳಿಸಿಕೊಂಡಿತು. ಮುಂದಿನ ಸಾಲಿನಲ್ಲಿ ಅದೇ ಕೋಚ್ ತಂಡವನ್ನು ಫೈನಲ್‌ಗೆ ತಲುಪಿಸಿದರು.

ಹಾಗೆಂದು ಕೋಚ್ ಹುದ್ದೆ ಶಾಶ್ವತವಾಗಬೇಕೆಂದು ನಾವು ಕೇಳುತ್ತಿಲ್ಲ. ನಮಗಿಂತ ದುರ್ಬಲ ತಂಡಗಳಿಗೆ ಪದೇ ಪದೇ ಸೋಲುತ್ತಿದ್ದರೆ, ಹೊಸ ಆಟಗಾರರು ಬೆಳೆಯುತ್ತಿಲ್ಲದಿದ್ದರೆ, ಕೇಳಿದ ಶಿಬಿರ ಮತ್ತು ಪಂದ್ಯಗಳನ್ನು ಕೊಟ್ಟ ಮೇಲೂ ಆಟ ಸುಧಾರಿಸದಿದ್ದರೆ ಬದಲಾವಣೆ ಆಗಲೇಬೇಕು. ಈ ಮೂರೂ ಪ್ರಶ್ನೆಗಳಿಗೆ ಉತ್ತರ ಕಾಗದದ ಮೇಲಿರಬೇಕು ಎಂಬುದಷ್ಟೇ ನಮ್ಮ ವಾದ.

ನಮ್ಮ ನೆಲದ ಸ್ಥಿತಿ

ಚಿಕ್ಕಬಳ್ಳಾಪುರದ ಸರ್ ಎಂ. ವಿಶ್ವೇಶ್ವರಯ್ಯ ಜಿಲ್ಲಾ ಕ್ರೀಡಾಂಗಣವಿರಲಿ, ಶಿಡ್ಲಘಟ್ಟದ ನೆಹರೂ ಕ್ರೀಡಾಂಗಣವಿರಲಿ, ಒಂದೇ ಮೈದಾನ ಕಬಡ್ಡಿಗೂ ಓಟಕ್ಕೂ ಆಗಸ್ಟ್ 15ರ ಪಥಸಂಚಲನಕ್ಕೂ ಬೇಕು. ಹಳ್ಳಿ ಶಾಲೆಗಳಲ್ಲಿ ಎರಡು ಚಪ್ಪಲಿ ಇಟ್ಟರೆ ಅದೇ ಗೋಲ್‌ಪೋಸ್ಟ್. ಖೋ-ಖೋ, ವಾಲಿಬಾಲ್, ಓಟ ಎಲ್ಲವನ್ನೂ ಕಲಿಸುವ ಒಬ್ಬರೇ ಪಿ.ಟಿ. ಮೇಷ್ಟ್ರು ಫುಟ್‌ಬಾಲನ್ನೂ ಕಲಿಸಬೇಕು. ಚೆಂಡಿನ ಗಾಳಿ ಹೋದರೆ ಸೈಕಲ್ ಅಂಗಡಿಗೆ ಓಡಬೇಕು. ಬೆಂಗಳೂರು ಇಷ್ಟು ಹತ್ತಿರವಿದ್ದರೂ ಆಯ್ಕೆದಾರರ ಕಣ್ಣು ದೇವನಹಳ್ಳಿ ದಾಟಿ ಈಚೆ ಬರುವುದು ಅಪರೂಪ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗ ನಾವೂ ಪಟಾಕಿ ಹೊಡೆದೆವು. ಆ ಜೆರ್ಸಿ ತೊಡುವ ಹುಡುಗರು ನಮ್ಮ ತಾಲ್ಲೂಕುಗಳಲ್ಲೂ ಇದ್ದಾರೆ. ಅವರಿಗೆ ಆಟದ ಮೊದಲ ಪಾಠ ಹೇಳಿಕೊಡುವವರಿಲ್ಲ. ದೆಹಲಿಯಲ್ಲಿ ರಾಷ್ಟ್ರೀಯ ತಂಡದ ಒಂದು ಕೋಚ್ ಹುದ್ದೆಗೆ 170 ಅರ್ಜಿ ಬಂದವು. ಇಲ್ಲಿ ನಾಲ್ಕು ತಾಲ್ಲೂಕಿಗೆ ತರಬೇತಿ ಪಡೆದ ಕೋಚ್‌ಗಳಿಗಾಗಿ ಹುಡುಕಾಡಬೇಕು.

ನಮ್ಮ ಬೇಡಿಕೆಗಳು

1. ಢಾಕಾ ಸೋಲಿನ ಬಿಸಿಯಲ್ಲಿ ಈಗಿನ ಮುಖ್ಯ ಕೋಚ್ ಅವರನ್ನು ಕೈಬಿಡಬಾರದು. ಲೀಗ್ ಶುರುವಾಗಿ, ಪೂರ್ಣ ಶಿಬಿರಗಳು ನಡೆದ ಮೇಲೆ, ಮೊದಲೇ ಪ್ರಕಟಿಸಿದ ಗುರಿಗಳಿಗೆ ಅನುಗುಣವಾಗಿ ವರ್ಷಕ್ಕೊಮ್ಮೆ ಮೌಲ್ಯಮಾಪನ ಮಾಡಬೇಕು.

2. ಪ್ರತಿ ದೊಡ್ಡ ಟೂರ್ನಿ ಮುಗಿದ 30 ದಿನಗಳೊಳಗೆ ತಾಂತ್ರಿಕ ಸಮಿತಿ ಕೋಚ್, ನಾಯಕ ಮತ್ತು ವೈದ್ಯಕೀಯ ಸಿಬ್ಬಂದಿಯ ಮಾತು ಕೇಳಿ ವರದಿ ಕೊಡಬೇಕು. ಉಳಿಸಿಕೊಂಡರೂ ಕಳಿಸಿದರೂ ಕಾರಣವನ್ನು ಸಾರ್ವಜನಿಕವಾಗಿ ತಿಳಿಸಬೇಕು.

3. ದೊಡ್ಡ ಟೂರ್ನಿಗೆ ಆರು ತಿಂಗಳೊಳಗೆ ಯಾರ ಒಪ್ಪಂದವನ್ನೂ ವಿಸ್ತರಿಸಬಾರದು. ಪ್ರತಿ ಒಪ್ಪಂದದಲ್ಲಿ ಅವಧಿಗೆ ಮುನ್ನ ಬಿಡುಗಡೆಯ ಷರತ್ತು ಮತ್ತು ಪರಿಹಾರದ ಗರಿಷ್ಠ ಮಿತಿ ಇರಲೇಬೇಕು. ಇಡೀ ಕಾರ್ಯಕಾರಿ ಸಮಿತಿ ಒಪ್ಪಂದವನ್ನು ಓದಿದ ಮೇಲೆಯೇ ಸಹಿಯಾಗಬೇಕು.

4. ರಾಷ್ಟ್ರೀಯ ತಂಡದ ಕೋಚ್‌ಗೆ ಕ್ಲಬ್‌ನ ಜವಾಬ್ದಾರಿ ಇರಕೂಡದು.

5. ಐಎಸ್‌ಎಲ್ ಅನ್ನು ತಕ್ಷಣ ಆರಂಭಿಸಬೇಕು. ಮುಂಚೂಣಿಯಲ್ಲಿ ಭಾರತೀಯ ಆಟಗಾರರಿಗೆ ಆಡುವ ನಿಮಿಷಗಳು ಸಿಗುವಂಥ ನಿಯಮ ತರಬೇಕು.

6. ನಮ್ಮ ಜಿಲ್ಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಿಗೆ ಮತ್ತು ಮಾಜಿ ಆಟಗಾರರಿಗೆ ಫೆಡರೇಷನ್‌ನ ಡಿ ಲೈಸೆನ್ಸ್ ತರಬೇತಿಯನ್ನು ಕನ್ನಡದಲ್ಲಿ ನಡೆಸಬೇಕು. ಶುಲ್ಕದಲ್ಲಿ ರಿಯಾಯಿತಿ ಕೊಡಬೇಕು.

7. ರಾಜ್ಯ ತಂಡಗಳ ಕೋಚ್ ನೇಮಕ ಮತ್ತು ಬದಲಾವಣೆಗೂ ಇದೇ ನಿಯಮ ಅನ್ವಯವಾಗಬೇಕು. ರಾಜ್ಯ ಸಂಸ್ಥೆಯು ವರ್ಷಕ್ಕೊಮ್ಮೆ ಈ ನಾಲ್ಕು ತಾಲ್ಲೂಕುಗಳಲ್ಲಿ ಬಾಲಕ ಮತ್ತು ಬಾಲಕಿಯರ ಆಯ್ಕೆ ಶಿಬಿರ ನಡೆಸಬೇಕು.

ಮೊದಲ ನಾಲ್ಕು ಬೇಡಿಕೆಗಳಿಗೆ ದುಡ್ಡು ಬೇಕಿಲ್ಲ, ಸಭೆಯ ಒಂದು ನಿರ್ಣಯ ಸಾಕು. ಸ್ಟಿಮಾಚ್ ಅವರ ಪರಿಹಾರಕ್ಕೆ ಹೋದ ಹಣದ ಒಂದು ಸಣ್ಣ ಪಾಲಿನಲ್ಲಿ ಆರನೇ ಬೇಡಿಕೆ ಈಡೇರುತ್ತದೆ. ಸುಪ್ರೀಂ ಕೋರ್ಟ್ ಅನುಮೋದಿಸಿದ ಹೊಸ ಸಂವಿಧಾನವನ್ನು ಫೆಡರೇಷನ್ ಇದೇ ಅಕ್ಟೋಬರ್‌ನಲ್ಲಿ ಅಂಗೀಕರಿಸಿದೆ. ಹೊಸ ನಿಯಮಾವಳಿ ಬರೆಯಲು ಇದಕ್ಕಿಂತ ತಕ್ಕ ಸಮಯ ಬೇರೆ ಇಲ್ಲ.

ಆದ್ದರಿಂದ ದಯಮಾಡಿ ಈ ಮನವಿಯನ್ನು ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ಕಾರ್ಯಸೂಚಿಗೆ ಸೇರಿಸಿ, ಕೈಗೊಂಡ ಕ್ರಮವನ್ನು ರಾಜ್ಯ ಸಂಸ್ಥೆಯ ಮೂಲಕ ನಮಗೆ ಲಿಖಿತವಾಗಿ ತಿಳಿಸಬೇಕೆಂದು ಕಳಕಳಿಯಿಂದ ಕೋರುತ್ತೇವೆ.



ತಮ್ಮ ವಿಶ್ವಾಸಿಗಳು,
ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಫುಟ್‌ಬಾಲ್ ಆಟಗಾರರು, ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಅಭಿಮಾನಿಗಳು
(ಸಹಿಗಳನ್ನು ಪ್ರತ್ಯೇಕ ಹಾಳೆಗಳಲ್ಲಿ ಲಗತ್ತಿಸಿದೆ)

ಪ್ರತಿ: ಸಹಾಯಕ ನಿರ್ದೇಶಕರು, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ, ಚಿಕ್ಕಬಳ್ಳಾಪುರ ಜಿಲ್ಲೆ. ಬೇಡಿಕೆ 6 ಮತ್ತು 7ರ ಕುರಿತು ಸೂಕ್ತ ಕ್ರಮಕ್ಕಾಗಿ.